ಬಿಡಿ ಚೀಲ ಲಾಟ್ ಆಗುವ ಜಾಗ: ಆಳಂದ, ಅಫಜಲಪುರ, ಜೇವರ್ಗಿಗಳ ಸರಕಿನ ಚರಿತ್ರೆ

ಇಪ್ಪತ್ತು ಅಡಿಯ ಒಂದು ಕಂಟೇನರ್ ತುಂಬಲು ಸುಮಾರು 20 ಟನ್ ತೊಗರಿ ಬೇಕು, ಅಂದರೆ 200 ಕ್ವಿಂಟಲ್. ಮಳೆ ನಂಬಿದ ಐದೆಕರೆ ಎರೆಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತೆಂದು ಹಿಡಿದರೂ ಒಬ್ಬ ರೈತನ ಕೈಗೆ ಸಿಗುವುದು 20 ಕ್ವಿಂಟಲ್. ಹತ್ತು ಮನೆಯ ರಾಶಿ ಒಂದೆಡೆ ಕೂಡದೆ ಒಂದು ಪೆಟ್ಟಿಗೆ ತುಂಬುವುದಿಲ್ಲ. ಸಮುದ್ರ ದಾಟುವ ವ್ಯಾಪಾರದ ಚರಿತ್ರೆಯನ್ನು ಬಂದರಿನಿಂದ ಬರೆಯುವ ರೂಢಿಯಲ್ಲಿ ಈ ಕೂಡುವ ಗಳಿಗೆ ಕಾಣೆಯಾಗಿಬಿಡುತ್ತದೆ. ಬಿಡಿ ಚೀಲಗಳು ಎಲ್ಲಿ ಲಾಟ್ ಆದವು, ಕೂಡಿಸುವಾಗ ಕಾಳಿನ ಗುಣ ಹೇಳಿದವರು ಯಾರು, ಕೂಡಿದ ಮೇಲೆ ಆ ಲಾಟಿಗೆ ಯಾವ ಊರಿನ ಹೆಸರು ಬಿತ್ತು ಎಂಬ ಮೂರು ಪ್ರಶ್ನೆಗಳನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಕೇಳಿದರೆ ಒಂದು ದೀರ್ಘ ಪಲ್ಲಟ ಕಾಣುತ್ತದೆ. ಸರಕು ಕೂಡುವ ಜಾಗ ಹೊಲದಿಂದ ದೂರ ಹೋದಂತೆಲ್ಲ ಗುಣ ನಿರ್ಣಯಿಸುವ ಅಧಿಕಾರವೂ ಹೆಸರೂ ಅದರ ಜೊತೆಗೇ ಹೋಗಿವೆ. ಸಾಗಾಟದ ವೆಚ್ಚಕ್ಕಿಂತ ಈ ನಷ್ಟವೇ ದೊಡ್ಡದು ಎಂಬುದು ನನ್ನ ವಾದ.

ಈ ಸೀಮೆಯ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ರಷ್ಯದ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್‌ನದು. 1470ರ ಆಸುಪಾಸಿನಲ್ಲಿ ಹೊರ್ಮುಜ್‌ನಿಂದ ಹಡಗು ಹತ್ತಿ ಚೌಲ್ ಬಂದರಿಗಿಳಿದು, ಜುನ್ನರ್ ಹಾದು ಬಹಮನಿಗಳ ರಾಜಧಾನಿ ಬೀದರಿಗೆ ಬಂದವನು. ಬೀದರಿನಿಂದ 12 ಕೋಸು ದೂರದಲ್ಲಿ ಶೇಖ್ ಅಲಾವುದ್ದೀನರ ನೆನಪಿಗೆ ವರ್ಷಕ್ಕೊಮ್ಮೆ ಹತ್ತು ದಿನದ ಸಂತೆ ಸೇರುತ್ತದೆ, ಹಿಂದೂಸ್ತಾನದ ಎಲ್ಲ ಕಡೆಯ ಜನ ಕೂಡುತ್ತಾರೆ, 20,000 ಕುದುರೆಗಳವರೆಗೆ ಮಾರಾಟಕ್ಕೆ ಬರುತ್ತವೆ, ಬೇರೆ ಸರಕೂ ಬರುತ್ತದೆ ಎಂದು ಅವನು ದಾಖಲಿಸಿದ್ದಾನೆ. ಜನರ ಬಾಯಲ್ಲಿ ಲಾಡ್ಲೆ ಮಶಾಕ್ ಆಗಿರುವ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇರುವುದು ಆಳಂದದಲ್ಲಿ. ಅವನ ಲೆಕ್ಕದಲ್ಲಿ ಕೋಸಿಗೆ ಹತ್ತು ವೆರ್ಸ್ಟ್, ಅಂದರೆ ಹನ್ನೆರಡು ಕೋಸಿಗೆ ಸುಮಾರು 128 ಕಿಲೋಮೀಟರ್. ಬೀದರಿನಿಂದ ಆಳಂದದ ದಾರಿಗೆ ಇದು ಹತ್ತಿರ ಹತ್ತಿರ ಹೊಂದುತ್ತದೆ. ಸಂತನ ಹೆಸರು, ಊರಿನ ಹೆಸರು, ದೂರ ಮೂರೂ ಒಂದೇ ಕಡೆ ಬೆರಳು ತೋರುವುದರಿಂದ ಆ ಸಂತೆ ಆಳಂದದ್ದೆಂದು ಗುರುತಿಸಿರುವುದನ್ನು ಒಪ್ಪಲು ನನಗೆ ಅಡ್ಡಿ ಕಾಣುವುದಿಲ್ಲ. ಇಪ್ಪತ್ತು ಸಾವಿರವೆಂಬುದು ಬೆರಗಿನಲ್ಲಿ ಉಬ್ಬಿದ ಸಂಖ್ಯೆ ಇರಬಹುದು. ಆದರೆ ಅದನ್ನು ಎಷ್ಟು ಇಳಿಸಿದರೂ ಆಳಂದ ಅಂದು ಸಮುದ್ರ ವ್ಯಾಪಾರದ ಒಳನಾಡಿನ ಗಂಟು ಆಗಿತ್ತೆಂಬುದು ಅಳಿಯುವುದಿಲ್ಲ.

ಕುದುರೆಯೆಂದರೆ ಸುಲ್ತಾನರ ಸೈನ್ಯದ ಸರಕು, ಅದಕ್ಕೂ ರೈತನ ಚೀಲಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಕೊಳ್ಳುವವರು ದೊಡ್ಡವರು, ನಿಜ. ತರುವವರಲ್ಲಿ ಮಾತ್ರ ಚಿಕ್ಕವರೂ ಇದ್ದರು. ನಿಕಿತಿನ್ ಸಮುದ್ರ ದಾಟಿಸಿ ತಂದದ್ದು ಒಂದೇ ಒಂದು ಕುದುರೆ. ಜುನ್ನರ್‌ನಲ್ಲಿ ಅಲ್ಲಿನ ಖಾನ ಅದನ್ನೂ ಕಿತ್ತುಕೊಂಡು ಆಮೇಲೆ ಹಿಂದಿರುಗಿಸಿದ. ಒಂದು, ಎರಡು, ಹತ್ತು ಕುದುರೆಯ ವರ್ತಕರನ್ನು ಒಂದೇ ಬಯಲಿಗೆ, ಒಂದೇ ಹತ್ತು ದಿನಕ್ಕೆ ಕರೆತರುವುದೇ ಜಾತ್ರೆಯ ಕೆಲಸ. ಇಂದು ಗೋದಾಮು, ತೂಕದ ಕಟ್ಟೆ, ಸುಂಕದ ಕಚೇರಿ ಸೇರಿ ಮಾಡುವ ಕೆಲಸವನ್ನು ಅಂದು ಗೊತ್ತಾದ ತಿಥಿಯೂ ಸಂತನ ಮೇಲಿನ ಭಯಭಕ್ತಿಯೂ ಮಾಡುತ್ತಿದ್ದವು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಕುದುರೆಯ ಹಲ್ಲು ನೋಡಿ ಬೆಲೆ ಕಟ್ಟುತ್ತಿದ್ದದ್ದು ಆಳಂದದ ನೆಲದ ಮೇಲೆಯೇ. ಪರೀಕ್ಷೆ ನಡೆಯುತ್ತಿದ್ದ ಜಾಗದ ಹೆಸರೇ ವರ್ತಕರ ಬಾಯಲ್ಲಿ ನಿಂತಿತು, ರಷ್ಯದವರೆಗೂ ಹೋಯಿತು.

ಆ ಗಂಟನ್ನು ಬಿಚ್ಚಿದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರ ಮುಟ್ಟಿ, 1871ರಲ್ಲಿ ಕಲಬುರಗಿ, ವಾಡಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಂತು. ಹಳಿ ಹಾದ ಊರುಗಳು ಗಂಜ್, ಅಂದರೆ ಸಗಟು ಪೇಟೆ, ಆದವು. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳು ಮೂರೂ ಹಳಿಯಿಂದ ಹೊರಗುಳಿದವು. ಜೇವರ್ಗಿಯ ಬಂಡಿ ಕಲಬುರಗಿಗೆ ಹೋಗಬೇಕಾದರೆ ಭೀಮೆಯನ್ನು ದಾಟಬೇಕು. ಅಫಜಲಪುರ ಮತ್ತು ಆಳಂದದ ಪಡುವಣ ಹಳ್ಳಿಗಳಿಗೆ ಸಮೀಪದ ಪೇಟೆ ಅಕ್ಕಲಕೋಟೆ ಸೀಮೆಯ ದುಧನಿ, ಅದೂ ಹಳಿಯ ಮೇಲಿನ ಊರೇ. ನಿಜಾಮರ ಆಳ್ವಿಕೆಯಲ್ಲಿ ದುಧನಿಯ ದಾರಿ ಸುಂಕದ ಗಡಿಯನ್ನು ದಾಟುತ್ತಿತ್ತು. ಬ್ರಿಟಿಷರೊಂದಿಗೆ ಆದ 1802ರ ಒಪ್ಪಂದ ಆ ಸುಂಕವನ್ನು ಶೇಕಡಾ 5 ಎಂದು ಗೊತ್ತುಮಾಡಿತ್ತು. 1956ರ ಬಳಿಕ ಅದೇ ದಾರಿ ರಾಜ್ಯದ ಗಡಿಯನ್ನು ದಾಟುತ್ತದೆ. ಭಾಷೆ ಎರಡೂ ಕಡೆ ಕನ್ನಡ, ಮಣ್ಣು ಎರಡೂ ಕಡೆ ಎರೆ. ಚೀಲಕ್ಕೆ ಮಾತ್ರ ದುಧನಿಯ ಕಟ್ಟೆಯಲ್ಲಿ ಹೊಸ ಹುಟ್ಟೂರು.

ರೈಲಿನಿಂದ ರೈತನಿಗೆ ಮುಂಬೈಯ ದರ ಸಿಕ್ಕಿತು, ಬಂಡಿಬಾಡಿಗೆ ತಪ್ಪಿತು, ಇದರಲ್ಲಿ ನಷ್ಟವೆಲ್ಲಿ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಲಾಭ ಆಗಿದೆ. ಆದರೆ ಅಡತಿ ಅಂಗಡಿಯ ಮುಂದೆ ಪೌಷದ ಬೆಳಗಿನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಹೊಲಿದ ಚೀಲಕ್ಕೆ ಮೊನೆಯುಳ್ಳ ಕೊಳವೆ ಚುಚ್ಚುತ್ತಾರೆ, ಅಂಗೈ ಮೇಲೆ ಒಂದು ಹಿಡಿ ಕಾಳು ಉದುರುತ್ತದೆ. ಖರೀದಿದಾರ ಅದನ್ನು ಬೆರಳಿನಿಂದ ಕದಲಿಸಿ, ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚಿ ತೇವ ಅಂದಾಜು ಮಾಡಿ ದರ ಹೇಳುತ್ತಾನೆ. ಇಡೀ ವರ್ಷದ ಬೇಸಾಯಕ್ಕೆ ಬೆಲೆ ಬೀಳುವುದು ಆ ಒಂದು ಹಿಡಿಯಲ್ಲಿ. ದರ ಗೊತ್ತಾದ ಮೇಲೆ ಆಳಂದದ ಚೀಲ, ಜೇವರ್ಗಿಯ ಚೀಲ, ಪಕ್ಕದ ಜಿಲ್ಲೆಯ ಚೀಲ ಒಂದೇ ಗುಡ್ಡೆಗೆ ಸುರಿದು ದಾಲ್ ಮಿಲ್ಲಿಗೆ ಹೋಗುತ್ತವೆ. ಚೆನ್ನಾಗಿ ಒಣಗಿಸಿ, ಕಸ ಹಾರಿಸಿ ತಂದವನ ಶ್ರಮವೂ ಹಸಿ ಕಾಳು ತಂದವನ ಅವಸರವೂ ಅಲ್ಲಿಂದ ಮುಂದೆ ಸರಿಸಮ. ಬಾಡಿಗೆಯಲ್ಲಿ ಉಳಿದ ಹಣವನ್ನು ಲೆಕ್ಕಕ್ಕೆ ಹಿಡಿಯುವ ಚರಿತ್ರೆಕಾರರು ಈ ಬೆರಕೆಯಲ್ಲಿ ಕರಗಿದ್ದನ್ನು ಲೆಕ್ಕಕ್ಕೆ ಹಿಡಿಯದಿರುವುದು ದೊಡ್ಡ ಲೋಪ.

ಕಂಟೇನರ್ ಯುಗ ಹೊಸತನ್ನು ಕಟ್ಟಿತಾದರೂ ಈ ಕ್ರಮವನ್ನು ಬದಲಿಸಲಿಲ್ಲ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿಗೆ ಬಂತು, ಕಂಟೇನರ್ ಕಾರ್ಪೊರೇಷನ್ 1988ರಲ್ಲಿ ಸ್ಥಾಪನೆಯಾಯಿತು, ಮರುವರ್ಷ ನಾವಾಶೇವಾ ಬಂದರು ತೆರೆಯಿತು. ಪೆಟ್ಟಿಗೆ ತುಂಬದಷ್ಟು ಸರಕಿರುವ ಹಲವರ ಮಾಲನ್ನು ಒಂದರಲ್ಲಿ ಕೂಡಿಸಿ ಕಳಿಸುವ ಪದ್ಧತಿ ಈ ಡಿಪೋಗಳಲ್ಲಿದೆ. ಅದರ ಒಂದು ಗುಣವನ್ನು ಎತ್ತಿ ಹೇಳಬೇಕು: ಅಲ್ಲಿ ಸರಕು ಕೂಡುತ್ತದೆ, ಬೆರೆಯುವುದಿಲ್ಲ. ಪ್ರತಿ ಗಂಟಿಗೂ ಅದರದೇ ಗುರುತು, ಅದರದೇ ಕಾಗದ. ಗಂಜಿನ ಗುಡ್ಡೆಗೂ ಡಿಪೋದ ಪೆಟ್ಟಿಗೆಗೂ ಇರುವ ಅಂತರ ಇದೇ. ಆದರೆ ನಮ್ಮ ತೊಗರಿ ಡಿಪೋ ಮುಟ್ಟುವ ಮೊದಲೇ ಬೆರೆತುಹೋಗಿರುತ್ತದೆ.

ತೊಗರಿ ನಾವೇ ಉಣ್ಣುವ ಬೇಳೆ, ಅದಕ್ಕೆ ರಫ್ತಿನ ಚಿಂತೆ ಯಾಕೆ ಎನ್ನುವವರಿದ್ದಾರೆ. ಬೇಳೆಕಾಳಿನ ರಫ್ತಿಗೆ 2006ರಲ್ಲಿ ಬಿದ್ದ ತಡೆ ತೊಗರಿಯ ಮಟ್ಟಿಗೆ ತೆರವಾದದ್ದು 2017ರಲ್ಲಿ. ಅತ್ತ 2016ರ ಒಪ್ಪಂದದಂತೆ ಮೊಜಾಂಬಿಕ್‌ನಿಂದ ವರ್ಷಕ್ಕೆ 1 ಲಕ್ಷ ಟನ್‌ನಿಂದ ಮೊದಲಾಗಿ 2 ಲಕ್ಷ ಟನ್‌ವರೆಗೆ ಆಮದಿಗೆ ದಾರಿಯಾಯಿತು. ಅಂದಮೇಲೆ ಆಳಂದದ ಕಟ್ಟೆಯ ದರಕ್ಕೆ ಹಡಗಿನ ನಂಟು ಇದ್ದೇ ಇದೆ. ಮೊಜಾಂಬಿಕ್‌ನ ಕಾಳಿನೆದುರು ನಮ್ಮದು ನಿಲ್ಲಬೇಕಾದರೆ ರುಚಿಯ ಮೇಲೆ, ಹೆಸರಿನ ಮೇಲೆ ನಿಲ್ಲಬೇಕು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಬೆರೆತ ಗುಡ್ಡೆಯ ಮೇಲೆ ಆ ಗುರುತಿನ ಮುದ್ರೆ ಒತ್ತಿದರೆ ಅದು ಸುಳ್ಳಾಗುತ್ತದೆ. ಹಾಗಾಗಿ ದೊಡ್ಡ ಟರ್ಮಿನಲ್ ಎಲ್ಲಿ ಬರಬೇಕೆಂಬ ಚರ್ಚೆಗಿಂತ ಮೊದಲು ಈ ಮೂರು ತಾಲ್ಲೂಕು ಪೇಟೆಗಳಲ್ಲಿ ತೇವ ಅಳೆಯುವ ಯಂತ್ರ, ಜರಡಿ, ಬೇರೆ ಬೇರೆ ಅಂಕಣಗಳ ಗೋದಾಮು ಆಗಬೇಕು. ಊರು, ತೂಕ, ತೇವಾಂಶ ಬರೆದ ಚೀಟಿಯನ್ನು ಇಲ್ಲಿಯೇ ಚೀಲದ ಬಾಯಿಗೆ ಹೊಲಿದರೆ, ನಾವಾಶೇವಾದಲ್ಲಿ ಪೆಟ್ಟಿಗೆ ತೆರೆದವನು ಓದುವ ಮೊದಲ ಹೆಸರು ಆಳಂದದ್ದೋ ಅಫಜಲಪುರದ್ದೋ ಜೇವರ್ಗಿಯದೋ ಆಗಿರುತ್ತದೆ.