ಡಬಲ್ಸ್ ಶುರುವಾದರೆ ಕಾಫಿಗೆ ಏಳಬೇಡಿ

ನಮ್ಮ ಬಾಗಲಕೋಟೆ ಕಡೆ ಆಟ ಅಂದ್ರೆ ಕುಸ್ತಿ, ಕಬಡ್ಡಿ, ಸೈಕಲ್ ರೇಸು, ಆಮೇಲೆ ಇವೆಲ್ಲವನ್ನೂ ನುಂಗಿ ಕೂತ ಕ್ರಿಕೆಟ್. ಟೆನಿಸ್ ಅನ್ನೋದು ನಮಗೆ ಆಟದ ಹೆಸರಾಗಿರಲಿಲ್ಲ, ಚೆಂಡಿನ ಹೆಸರಾಗಿತ್ತು. ಹುನಗುಂದ, ಇಳಕಲ್ಲಿನ ಮೈದಾನಗಳಲ್ಲಿ ಅದೇ ಚೆಂಡಲ್ಲಿ ಕ್ರಿಕೆಟ್ ಆಡಿ ಬೆಳೆದವರು ಬೆಂಗಳೂರಿಗೆ ಬಂದು ಟೆನಿಸ್ ನೋಡೋಕೆ ಕಲಿತರೂ, ನೋಡೋದು ಸಿಂಗಲ್ಸ್ ಮಾತ್ರ. ಫೆಡರರ್, ನಡಾಲ್, ಜೊಕೊವಿಚ್. ಡಬಲ್ಸ್ ಶುರುವಾಯ್ತು ಅಂದ್ರೆ ಕಾಫಿ ಕುಡಿಯೋಕೆ ಏಳೋದು.

ಆದ್ರೆ ಕರ್ನಾಟಕದ ಟೆನಿಸ್ ಇತಿಹಾಸ ಬರೆಯೋಕೆ ಕೂತರೆ ಅದರ ದೊಡ್ಡ ಅಧ್ಯಾಯ ಇರೋದೇ ಡಬಲ್ಸ್‌ನಲ್ಲಿ. ಆ ಅಧ್ಯಾಯದ ಹೆಸರು ರೋಹನ್ ಬೋಪಣ್ಣ. ಮಜಾ ಏನಂದ್ರೆ, ಆ ಅಧ್ಯಾಯ 2005ರಲ್ಲೇ ಶುರುವಾಗೋಕೆ ಮುಂಚೆ ಮುಗಿದುಹೋಗೋದ್ರಲ್ಲಿತ್ತು.

ಗಂಡಸರ ವೃತ್ತಿಪರ ಟೆನಿಸ್ ನಡೆಸೋ ಸಂಸ್ಥೆ ಎಟಿಪಿ. 2005ರಲ್ಲಿ ಅದಕ್ಕೆ ಡಬಲ್ಸ್ ಒಂದು ಖರ್ಚಿನ ಬಾಬತ್ತಾಗಿ ಕಾಣಿಸಿತು. ಟಿವಿಯವರು ತೋರಿಸಲ್ಲ, ಜನ ದೊಡ್ಡದಾಗಿ ಬರಲ್ಲ, ಆಟಗಾರರ ಹೋಟೆಲ್ಲು, ಬಹುಮಾನ ಎಲ್ಲಾ ಟೂರ್ನಿ ನಡೆಸೋರ ತಲೆ ಮೇಲೆ. ಹಂಗಾಗಿ ಒಂದು ಯೋಜನೆ ಹೊರಟಿತು: ಆಟವನ್ನು ಚಿಕ್ಕದು ಮಾಡೋದು, ಮತ್ತು 2008ರಿಂದ ಡಬಲ್ಸ್ ಜಾಗಗಳನ್ನು ಬಹುಪಾಲು ಸಿಂಗಲ್ಸ್ ಆಡೋರಿಗೇ ಮೀಸಲಿಡೋದು. ಬರೀ ಡಬಲ್ಸ್ ನಂಬಿ ಬದುಕೋರು ಬೇರೆ ಕೆಲಸ ನೋಡ್ಕೊಳ್ಳಬೇಕಿತ್ತು. ನಮ್ಮ ಐಟಿ ಮಂದಿಗೆ ಈ ಭಾಷೆ ಹೊಸದಲ್ಲ. ‘ನಿಮ್ಮ ಟೀಮಿನಿಂದ ನೇರ ಆದಾಯ ಬರ್ತಿಲ್ಲ’ ಅನ್ನೋ ಮೀಟಿಂಗು ಯಾವ ಕಂಪನೀಲಿ ನಡೆಯಲ್ಲ ಹೇಳಿ?

ಡಬಲ್ಸ್ ಆಟಗಾರರು ಸುಮ್ಮನೆ ಕೂರಲಿಲ್ಲ. ಅಮೆರಿಕದ ಬ್ರಯಾನ್ ಅವಳಿಗಳ ಮುಂದಾಳತ್ವದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸೇರಿ ಎಟಿಪಿ ಮೇಲೆ ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾಯ್ತು. 2006ರಿಂದ ಟೂರ್ ಪಂದ್ಯಗಳಲ್ಲಿ 40-40 ಆದಮೇಲೆ ಒಂದೇ ಪಾಯಿಂಟಿಗೆ ಗೇಮ್ ನಿರ್ಧಾರ, ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್ ಅನ್ನೋ ನಿಯಮ ಬಂತು. ಆಟ ಚಿಕ್ಕದಾಯ್ತು ಖರೆ, ಬಾಗಿಲು ಮಾತ್ರ ಮುಚ್ಚಲಿಲ್ಲ.

ಆ ಬಾಗಿಲು ಯಾರಿಗೆ ಬೇಕಿತ್ತು ನೋಡಿ. ಕೊಡಗಿನ ಕಾಫಿ ಬೆಳೆಗಾರರ ಮಗ ಬೋಪಣ್ಣ 2003ರಲ್ಲಿ ವೃತ್ತಿಪರ ಆಟಗಾರನಾದವರು. ಸರ್ವ್ ಸಿಡಿಲಿನಂಥದ್ದು. ಆದರೆ ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತಿ ಎತ್ತರದ ರ‍್ಯಾಂಕ್ 213, ಅದೂ 2007ರಲ್ಲಿ. ಹಳೇ ಯೋಜನೆ ಜಾರಿಯಾಗಿದ್ದರೆ ದೊಡ್ಡ ಟೂರ್ನಿಗಳ ಡಬಲ್ಸ್‌ಗೆ ಅವರಂಥವರಿಗೆ ಪ್ರವೇಶ ಸಿಗೋದೇ ಕಷ್ಟ ಇತ್ತು.

ಡಬಲ್ಸ್ ಅಂದ್ರೆ ಇಬ್ಬರು ಸಿಂಗಲ್ಸ್ ಆಟಗಾರರನ್ನು ಒಂದೇ ಕಡೆ ನಿಲ್ಲಿಸೋದಲ್ಲ. ಅಂಗಳ 27 ಅಡಿಯಿಂದ 36 ಅಡಿಗೆ ಅಗಲ ಆಗುತ್ತೆ. ಅಂದ್ರೆ ಜಾಗ ಹೆಚ್ಚಾಗಿದ್ದು 9 ಅಡಿ, ಆಳು ಹೆಚ್ಚಾಗಿದ್ದು ಒಬ್ಬ. ಹಂಗಾಗಿ ಚೆಂಡು ಹಾಯಿಸೋಕೆ ಸಂದಿಯೇ ಸಿಗಲ್ಲ. ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳು ತೋರಿಸಿ ಜೊತೆಗಾರನಿಗೆ ಸನ್ನೆ ಮಾಡ್ತಾನೆ, ಸರ್ವ್ ಆದ ಕೂಡಲೇ ಅಡ್ಡ ಹಾರ್ತಾನೆ. ಅವನು ಬಿಟ್ಟ ಜಾಗವನ್ನು ಇವನು ಕೇಳದೇನೇ ತುಂಬಬೇಕು. ಇಳಕಲ್ ಸೀರೆ ನೇಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸ್ತಾರೆ. ಸೆರಗು ಎಷ್ಟೇ ಚಂದ ಇರಲಿ, ಕೊಂಡಿ ಬಿಟ್ಟರೆ ಸೀರೆ ಇಲ್ಲ.

ಬೋಪಣ್ಣನವರಿಗೆ ಆ ಕೊಂಡಿ ಮೊದಲು ಕೂಡಿದ್ದು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ. 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಎರಡೂ ದೇಶಗಳ ವಿಶ್ವಸಂಸ್ಥೆ ರಾಯಭಾರಿಗಳು ಒಟ್ಟಿಗೆ ಕೂತು ಇವರ ಆಟ ನೋಡಿದರು. ಎದುರಿಗಿದ್ದವರು ಅದೇ ಬ್ರಯಾನ್ ಸಹೋದರರು. ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಸೋತರು. ಯಾರ ಹೋರಾಟದಿಂದ ಬಾಗಿಲು ತೆರೆದುಕೊಂಡಿತ್ತೋ ಅವರೇ ಬಾಗಿಲಲ್ಲಿ ಅಡ್ಡ ನಿಂತಿದ್ದರು! 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್ ಕಪ್ ಮಾತ್ರ ಸಿಗಲೇ ಇಲ್ಲ. ಮಂಡಿಯ ಮೃದ್ವಸ್ಥಿ ಸವೆದುಹೋಯ್ತು, 2021ರಲ್ಲಿ ತಿಂಗಳುಗಟ್ಟಲೆ ಒಂದೂ ಪಂದ್ಯ ಗೆಲ್ಲಲಿಲ್ಲ. ಆಗ ಕೈ ಹಿಡಿದದ್ದು ಅಯ್ಯಂಗಾರ್ ಯೋಗ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರ ಪದ್ಧತಿ.

ಇಲ್ಲೊಂದು ಬೆಂಗಳೂರಿನ ಕಥೆ ಸೇರಿಸಬೇಕು. 2020ರ ಫೆಬ್ರುವರಿಯಲ್ಲಿ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ಬೆಂಗಳೂರು ಓಪನ್ ನಡೆಯಿತು. ಲಿಯಾಂಡರ್ ಪೇಸ್ ಭಾರತದ ನೆಲದಲ್ಲಿ ಆಡಿದ ಕೊನೆಯ ಟೂರ್ನಿ ಅದು. ಪೇಸ್ ಜೋಡಿ ಫೈನಲ್‌ನಲ್ಲಿ ಪುರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್ ಎದುರು 0-6, 3-6ರಿಂದ ಸೋತಿತು. ಆವತ್ತು ಪೇಸ್ ಪಕ್ಕದಲ್ಲಿದ್ದವರು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ನಾಲ್ಕು ವರ್ಷಗಳ ನಂತರ, 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಬೋಪಣ್ಣನವರ ಪಕ್ಕ ನಿಂತಿದ್ದೂ ಅದೇ ಎಬ್ಡೆನ್. ಇಟಲಿಯ ಬೊಲೆಲ್ಲಿ-ವಾವಸ್ಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದರು. 43ನೇ ವಯಸ್ಸಿಗೆ ಬೋಪಣ್ಣ ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ಅತಿ ಹಿರಿಯ ಆಟಗಾರ ಅನ್ನಿಸಿಕೊಂಡರು. ಎರಡೇ ದಿನದಲ್ಲಿ ವಿಶ್ವದ ನಂಬರ್ 1 ಆದರು.

ಈಗ ಲೆಕ್ಕ ನೋಡೋಣ. ಆ ವರ್ಷ ಸಿಂಗಲ್ಸ್ ಗೆದ್ದವರಿಗೆ ಸಿಕ್ಕಿದ್ದು 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಜೋಡಿಗೆ 7.3 ಲಕ್ಷ, ಅದನ್ನು ಇಬ್ಬರೂ ಹಂಚಿಕೊಳ್ಳಬೇಕು. ಟಿಕೆಟ್ ಮಾರೋದು ಸಿಂಗಲ್ಸ್ ಹೆಸರಲ್ಲಿ, ಹಾಗಾಗಿ ವ್ಯತ್ಯಾಸ ಇರೋದು ಸಹಜ ಅನ್ನಬಹುದು. ಒಪ್ಪೋಣ. ದುಡ್ಡು ಕಡಿಮೆ ಇರಲಿ, ಆದ್ರೆ ‘ಇದು ಬೇರೆ ವಿದ್ಯೆಯೇ ಅಲ್ಲ, ಸ್ಟಾರ್‌ಗಳು ಬಂದು ನಿಂತರೆ ಸಾಕು’ ಅನ್ನೋ ಮಾತು ಸುಳ್ಳು. ಅದಕ್ಕೆ ಪುರಾವೆ 2025ರ ಯುಎಸ್ ಓಪನ್. ಅಲ್ಲಿ ಮಿಶ್ರ ಡಬಲ್ಸನ್ನು 16 ಜೋಡಿಗಳ ಎರಡು ದಿನದ ಪ್ರದರ್ಶನ ಮಾಡಿ, ಸಿಂಗಲ್ಸ್ ತಾರೆಯರನ್ನು ತುಂಬಿಸಿ, 10 ಲಕ್ಷ ಡಾಲರ್ ಬಹುಮಾನ ಇಟ್ಟರು. ಗೆದ್ದವರು ಯಾರು? ಡಬಲ್ಸನ್ನೇ ಕಸುಬು ಮಾಡಿಕೊಂಡ ಎರ್ರಾನಿ ಮತ್ತು ವಾವಸ್ಸೋರಿ. ಹೌದು, ಮೆಲ್ಬರ್ನ್‌ನಲ್ಲಿ ಬೋಪಣ್ಣನವರಿಗೆ ಸೋತಿದ್ದ ಅದೇ ವಾವಸ್ಸೋರಿ. 2005ರ ಪ್ರಶ್ನೆಗೆ ಇಪ್ಪತ್ತು ವರ್ಷದ ಮೇಲೆ ಅಂಗಳದಲ್ಲೇ ಉತ್ತರ ಸಿಕ್ಕಿತು.

ಬೋಪಣ್ಣ 2025ರ ನವೆಂಬರಿನಲ್ಲಿ ನಿವೃತ್ತಿ ಹೇಳಿದರು. ಗೆಲ್ಲೋಕೆ ಅವರಿಗೆ 61 ಗ್ರ್ಯಾಂಡ್ ಸ್ಲ್ಯಾಮ್, 19 ಜೊತೆಗಾರರು ಬೇಕಾಯ್ತು. ಮೂವತ್ತು ದಾಟಿದ ಕೂಡಲೇ ‘ಲೇಟ್ ಆಯ್ತಾ?’ ಅಂತ ಲಿಂಕ್ಡ್‌ಇನ್ ತೆಗೆದು ಕೂರೋ ನಮ್ಮ ತಲೆಮಾರಿಗೆ ಈ ಎರಡು ಅಂಕಿ ಸಾಕು.

ಕಬ್ಬನ್ ಪಾರ್ಕ್ ಮೆಟ್ರೋ ಇಳಿದರೆ ಕೆಎಸ್‌ಎಲ್‌ಟಿಎ ನಡೆದು ಹೋಗೋವಷ್ಟು ದೂರ. ನಮ್ಮ ಕಡೆಯವರಿಗೆ ಧಾರವಾಡ, ಕಲಬುರಗಿ ಇವೆ. 2023ರಲ್ಲಿ ಎರಡೂ ಊರಲ್ಲಿ ಐಟಿಎಫ್ ಟೂರ್ನಿ ನಡೆದವು. ಮುಂದಿನ ಸಲ ಹೋದಾಗ ಸಿಂಗಲ್ಸ್ ಮುಗೀತು ಅಂತ ಎದ್ದು ಬರಬೇಡ್ರಿ. ಚೆಂಡಿನ ಮೇಲಿಂದ ಕಣ್ಣು ತೆಗೆದು, ನೆಟ್ ಹತ್ತಿರ ನಿಂತವನ ಬೆನ್ನ ಹಿಂದಿನ ಬೆರಳು ನೋಡ್ರಿ. ಅರ್ಧ ಆಟ ಅಲ್ಲೇ ಇರುತ್ತೆ.