ಗದ್ವಾಲಿನಲ್ಲಿ ನೆಲೆಸಬರುವವರು ಅರಿತಿರಬೇಕಾದ ಪೂರ್ವವೃತ್ತ

ಒಂದು ಊರಿಗೆ ಸಂಸಾರವನ್ನು ಸಾಗಿಸುವವರು ಮನೆಯ ಬಾಡಿಗೆಯನ್ನೂ ಸಂತೆಯ ದಿನವನ್ನೂ ಮೊದಲು ವಿಚಾರಿಸುವುದು ರೂಢಿ. ಅವು ವಿಚಾರಿಸತಕ್ಕವುಗಳೇ ಸರಿ. ಆದರೆ ಗದ್ವಾಲಿಗೆ ಬರುವ ಕನ್ನಡ ಕುಟುಂಬದವರು ಅದಕ್ಕೂ ಮುಂಚೆ ಎರಡು ಸಂಗತಿಗಳನ್ನು ಕೇಳಿ ತಿಳಿಯುವುದು ಮೇಲು. ಇಲ್ಲಿಯ ನೀರು ಎಲ್ಲಿಂದ ಬರುತ್ತದೆ? 1956ಕ್ಕೆ ಮೊದಲು ಈ ಊರು ಯಾವ ಜಿಲ್ಲೆಗೆ ಸೇರಿತ್ತು? ಕೇಳುವುದಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳಂತೆ ತೋರಿದರೂ ಒಂದರ ಉತ್ತರ ಇನ್ನೊಂದರೊಳಗೆ ಹೆಣೆದುಕೊಂಡಿದೆ.

ಗದ್ವಾಲಿನ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ತೊರೆಗಳ ಎಡೆಯಲ್ಲಿರುವ ನಾಡನ್ನು ನಮ್ಮ ಪ್ರಾಚೀನರು ‘ಎಡೆದೊರೆ’ ಎಂದು ಕರೆದರು. ತೆಲುಗರು ಗದ್ವಾಲ–ಆಲಂಪುರಗಳ ಸೀಮೆಯನ್ನು ‘ನಡಿಗಡ್ಡ’ ಎನ್ನುತ್ತಾರೆ. ಹೆಸರು ಎರಡಾದರೂ ಭಾವ ಒಂದೇ ಎಂಬುದನ್ನು ಎರಡೂ ಭಾಷೆಗಳನ್ನು ಬಲ್ಲ ನಮ್ಮ ಮನೆಗಳವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆಲಂಪುರದಲ್ಲಿ ಬಾದಾಮಿಯ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಕನ್ನಡ ಶಾಸನಗಳೂ ಅಲ್ಲಿ ದೊರೆತಿವೆ. ಆದುದರಿಂದ ಈ ನೆಲಕ್ಕೆ ಕನ್ನಡಿಗನು ಪರಕೀಯನಾಗಿ ಬರುತ್ತಿಲ್ಲ. ಹಾಗೆಂದು ಇದು ಕೇವಲ ತನ್ನದೆಂದು ಬೀಗಿದರೆ ಅದೂ ಇತಿಹಾಸಕ್ಕೆ ಒಪ್ಪದ ಮಾತೇ.

ಊರಿನ ನಡುವಣ ಕೋಟೆ ಸೋಮಭೂಪಾಲನು ಕಟ್ಟಿಸಿದುದು. ಗದ್ವಾಲು ನಿಜಾಮರಿಗೆ ಕಪ್ಪವನ್ನೊಪ್ಪಿಸುತ್ತಿದ್ದ ಒಂದು ಸಂಸ್ಥಾನ. ವಿದ್ವಾಂಸರಿಗೆ ಇಲ್ಲಿ ದೊರೆಯುತ್ತಿದ್ದ ಆಶ್ರಯದಿಂದಾಗಿ ಇದಕ್ಕೆ ‘ವಿದ್ವದ್ಗದ್ವಾಲ’ ಎಂಬ ಬಿರುದೇ ಬಂದಿತು. ಕೊನೆಗೆ ಆಳಿದವರು ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರು. ಇಂದು ಅವರ ಹೆಸರಿನ ಸರಕಾರಿ ಕಾಲೇಜು ಆ ಕೋಟೆಯೊಳಗೇ ನಡೆಯುತ್ತಿದೆ. ಚೆನ್ನಕೇಶವನ ಗುಡಿಯೂ ಅಲ್ಲಿಯೇ ಇದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹೈದರಾಬಾದು ರಾಜ್ಯದಲ್ಲಿ ಗದ್ವಾಲು ಮತ್ತು ಆಲಂಪುರಗಳು ರಾಯಚೂರು ಜಿಲ್ಲೆಯೊಳಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಈ ಎರಡು ತಾಲ್ಲೂಕುಗಳು ಮಾತ್ರ ಅದರಿಂದ ಬೇರ್ಪಟ್ಟು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸಂದವು. ಕಲಬುರ್ಗಿ ಜಿಲ್ಲೆಯಿಂದ ಕೊಡಂಗಲ್, ತಾಂಡೂರುಗಳು ಬೇರೆಯಾದುದೂ ಅಂದೇ. ಮಕ್ತಲ್ ಮತ್ತು ನಾರಾಯಣಪೇಟೆಗಳ ಸಂಗತಿ ಹೀಗಲ್ಲ. ಅವು ಮೊದಲಿನಿಂದಲೂ ಮಹಬೂಬನಗರದವೇ. ನಮ್ಮ ಭಾಷಣಕಾರರು ಮೂರೂರುಗಳನ್ನೂ ಒಂದೇ ಉಸಿರಿನಲ್ಲಿ ‘ರಾಯಚೂರಿನಿಂದ ಹೋದವು’ ಎನ್ನುವುದುಂಟು. ಅಭಿಮಾನವಿರಲಿ, ಲೆಕ್ಕ ತಪ್ಪದಿರಲಿ.

ಗೆರೆ ಎಳೆದುದು ಕಾಗದದ ಮೇಲೆ. ಅದರ ಪೆಟ್ಟು ಬಿದ್ದುದು ಕಾಲುವೆಯ ಮೇಲೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ತುಂಗಭದ್ರೆಗೆ ಅಡ್ಡಲಾಗಿ ರಾಜೋಳಿಬಂಡೆಯಲ್ಲಿ ಒಂದು ಒಡ್ಡನ್ನು ಕಟ್ಟಲು ತೊಡಗಿದರು. ಐವತ್ತರ ದಶಕದಲ್ಲಿ ಕೆಲಸ ಮುಗಿಯಿತು. ಎಡದಂಡೆಯ ಕಾಲುವೆಯ ಉದ್ದ ಸುಮಾರು 143 ಕಿಲೋಮೀಟರು. ಯೋಜನೆ ಹಾಕಿದಾಗ ಒಡ್ಡು, ಕಾಲುವೆ, ಗದ್ದೆ ಎಲ್ಲವೂ ಒಂದೇ ರಾಯಚೂರು ಜಿಲ್ಲೆಯೊಳಗಿದ್ದವು. ಎಲ್ಲಕ್ಕೂ ಒಬ್ಬನೇ ಕಲೆಕ್ಟರು. 1956ರ ಬಳಿಕ ಒಡ್ಡೂ ಕಾಲುವೆಯ ಮೊದಲ 42 ಕಿಲೋಮೀಟರೂ ಒಂದು ರಾಜ್ಯದಲ್ಲಿ ಉಳಿದವು, ಉಳಿದ ನೂರು ಕಿಲೋಮೀಟರು ಮತ್ತೊಂದು ರಾಜ್ಯದ ಪಾಲಾಯಿತು. ನೀರಿನ ಹಂಚಿಕೆಯಾದರೋ ಇದಕ್ಕೆ ತಿರುಗುಮುರುಗು: 17.1 ಟಿ.ಎಂ.ಸಿ.ಯಲ್ಲಿ 15.9 ಈ ಕಡೆಗೆ, 1.2 ಮಾತ್ರ ಕರ್ನಾಟಕಕ್ಕೆ. ಈ ಕಡೆ ನೀರುಣ್ಣಬೇಕಾದ ಭೂಮಿ ಸುಮಾರು 87,500 ಎಕರೆ. ಆ ಕಡೆಯದು ಆರು ಸಾವಿರಕ್ಕೂ ಕಡಿಮೆ. ತಲೆ ಒಬ್ಬರ ಮನೆಯಲ್ಲಿ, ಹೊಟ್ಟೆ ಇನ್ನೊಬ್ಬರ ಮನೆಯಲ್ಲಿ. ಹೂಳು ತುಂಬಿದ ಕಾಲುವೆಯ ತುದಿಗೆ ನೀರು ಮುಟ್ಟದ ವರ್ಷ ಎರಡು ದಡದ ರೈತರು ಒಬ್ಬರ ಮೇಲೊಬ್ಬರು ಮುನಿದರೆ ಅದರಲ್ಲಿ ಆಶ್ಚರ್ಯವೇನು? ಮುನಿದವರಲ್ಲಿ ಅನೇಕರು ಹೆಣ್ಣು ಕೊಟ್ಟು ತಂದ ಬೀಗರೇ ಎಂಬುದನ್ನು ವರದಿಗಳು ಬರೆಯುವುದಿಲ್ಲ. ಆ ಕೊರತೆಯನ್ನು ತುಂಬುವುದಕ್ಕೆಂದೇ 2018ರಲ್ಲಿ ತುಮ್ಮಿಳ್ಳದಲ್ಲಿ ತುಂಗಭದ್ರೆಯಿಂದ ನೀರೆತ್ತುವ ಏರ್ಪಾಡಾಯಿತು. ಕಾಲುವೆಯಡಿಯ ಹೊಲವೆಂದು ಹೇಳಿ ಹೆಚ್ಚು ಬೆಲೆ ಕೇಳುವವರಿದ್ದಾರೆ. ಕೊಳ್ಳುವವರು ಆ ಹೊಲ ಕಾಲುವೆಯ ಎಷ್ಟನೆಯ ಮೈಲಿಯಲ್ಲಿದೆ ಎಂದು ಕೇಳಲೇಬೇಕು.

ಗದ್ವಾಲಿನ ಸರೋವರವೆಂದು ಹೊಸಬರು ಹೊಗಳುವ ಜುರಾಲದ ಜಲರಾಶಿ ಹಳೆಯದಲ್ಲ. ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದುದು 1981ರಲ್ಲಿ. ನೀರು ನಿಂತುದು ತೊಂಬತ್ತರ ದಶಕದಲ್ಲಿ. ಪೂರ್ಣ ಮಟ್ಟ 1045 ಅಡಿ. ಅದರ ಹಿನ್ನೀರಿಗೆ ಎರಡೂ ರಾಜ್ಯಗಳ ನೆಲ ಮುಳುಗಿತು. ಮಕ್ತಲಿನ ಕಡೆಯ ಪಂಚದೇವಪಹಾಡದಿಂದ ದೋಣಿಯೇರಿ ಶ್ರೀಪಾದ ಶ್ರೀವಲ್ಲಭರ ಕುರುವಪುರಕ್ಕೆ ಹೋಗುವವರು ತೆಲಂಗಾಣದ ದಡದಿಂದ ಕರ್ನಾಟಕದ ನಡುಗಡ್ಡೆಗೆ ದಾಟುತ್ತಾರೆ; ಮೇಲೆ ನಾರಾಯಣಪುರದ ಅಣೆಕಟ್ಟಿನ ಬಾಗಿಲುಗಳನ್ನು ತೆರೆದರೆ ದೋಣಿ ನಿಲ್ಲುತ್ತದೆ. (ಈ ನಾರಾಯಣಪುರ ಬೇರೆ, ನಮ್ಮ ನಾರಾಯಣಪೇಟೆ ಬೇರೆ, ಹೊರಗಿನವರು ಗೊಂದಲಪಡುವುದುಂಟು.) ತುಂಬಿದ ಕೆರೆಯ ಅಂದವನ್ನು ಕಂಡು ದಂಡೆಯಲ್ಲಿ ನಿವೇಶನ ಕೊಳ್ಳಲು ಆತುರಪಡುವವರು 2009ರ ಅಕ್ಟೋಬರನ್ನು ಹಿರಿಯರಿಂದ ಕೇಳಿ ತಿಳಿಯಲಿ. ಆಗ ಎರಡು ನದಿಗಳೂ ಒಟ್ಟಿಗೆ ಉಕ್ಕಿದವು. ತುಂಗಭದ್ರೆಯ ದಡದ ನೇಕಾರರ ಊರಾದ ರಾಜೋಳಿಯಲ್ಲಿ ಮಗ್ಗ, ಮನೆ, ನೂಲು ಒಂದೂ ಉಳಿಯದಂತೆ ನೀರು ನುಗ್ಗಿತು. ಜಮೀನಿನ ಮಾತಿಗೆ 1954–55ರ ಖಾಸ್ರಾ ಪಹಣಿಯನ್ನೂ ಮುಳುಗಡೆಯ ಗಡಿಯನ್ನೂ ನೋಡದೆ ಮುಂಗಡ ಕೊಡಬಾರದು.

ಸೀರೆಗಳ ಖ್ಯಾತಿಯನ್ನು ಬಣ್ಣಿಸುವ ಅಗತ್ಯವಿಲ್ಲ. ಗದ್ವಾಲಿನದಕ್ಕೆ ಹತ್ತಿಯ ಒಡಲು, ರೇಷ್ಮೆಯ ಅಂಚು ಸೆರಗು. ನಾರಾಯಣಪೇಟೆಯದಕ್ಕೆ ಚೌಕುಳಿ, ಗುಡಿಗೋಪುರದ ಸಾಲಿನ ಅಂಚು. ದಾರಿಯ ಮಾತನ್ನು ಮಾತ್ರ ಹೇಳಬೇಕು. ಬೊಂಬಾಯಿಯ ಕಡೆಯ ರೈಲುದಾರಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ‘ನಾರಾಯಣಪೇಟೆ ರಸ್ತೆ’ ಎಂಬ ಹೆಸರು ಹೊತ್ತಿದ್ದ ನಿಲ್ದಾಣ ಇರುವುದು ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ! ಗದ್ವಾಲಿನಿಂದ ರಾಯಚೂರಿಗೆ ನೇರ ರೈಲುದಾರಿ ತೆರೆದುದು 2013ರಲ್ಲಿ. ಮಕ್ತಲಿನ ಮೂಲಕ ಕೃಷ್ಣಾ ನಿಲ್ದಾಣಕ್ಕೆ ಸೇರುವ ಜಕ್ಲೇರು–ಕೃಷ್ಣಾ ಮಾರ್ಗ 2023ರ ಅಕ್ಟೋಬರ್ 1ರಂದು ರಾಷ್ಟ್ರಕ್ಕೆ ಅರ್ಪಿತವಾಯಿತು. ಜಿಲ್ಲಾ ಕಚೇರಿಗಳೂ ಹತ್ತಿರವಾದವು: ಜೋಗುಳಾಂಬ ಗದ್ವಾಲು ಜಿಲ್ಲೆಯಾದುದು 2016ರ ಅಕ್ಟೋಬರ್ 11ರಂದು, ನಾರಾಯಣಪೇಟೆ ಜಿಲ್ಲೆಯಾದುದು 2019ರ ಫೆಬ್ರವರಿ 17ರಂದು.

ಮಕ್ಕಳ ಓದಿನ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಕೃಷ್ಣಾ, ಮಾಗನೂರುಗಳ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯುವ ಮಕ್ಕಳಿದ್ದಾರೆ. ಗದ್ವಾಲು ಪಟ್ಟಣದಲ್ಲಿ ಮನೆ ಹಿಡಿಯುವ ತಂದೆತಾಯಿಗಳು ಶಾಲೆಯನ್ನು ಮೊದಲು ನಿಶ್ಚಯಿಸಿ, ಮನೆಯನ್ನು ಆ ಮೇಲೆ ಹುಡುಕಲಿ. ಹತ್ತನೆಯದು ಮುಗಿದೊಡನೆ ಹಲವರು ರಾಯಚೂರಿನ ದಾರಿ ಹಿಡಿಯುವರು. ಆಗ ಗೆರೆಯ ಆಚೆಯವರು ಮೊದಲು ಕೇಳುವುದು ಕಾಗದವನ್ನು. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ. ಅದರ ಪ್ರಯೋಜನ ದೊರೆಯಬೇಕಾದರೆ ಮಾತೃಭಾಷೆ ಕನ್ನಡವೆಂಬುದೂ ಓದಿದ ವರ್ಷಗಳೂ ದಾಖಲೆಗಳಲ್ಲಿ ಸ್ಪಷ್ಟವಾಗಿರಬೇಕು. ಒಂದನೆಯ ತರಗತಿಗೆ ಮಗುವನ್ನು ಸೇರಿಸುವ ದಿನ ಮಾತೃಭಾಷೆಯ ಕಲಮಿನಲ್ಲಿ ಏನನ್ನು ಬರೆದರೆಂದು ತಾವೇ ನಿಂತು ನೋಡಿ, ನಕಲನ್ನು ಪಡೆದು ಪೆಟ್ಟಿಗೆಯಲ್ಲಿಡಿ.