ಹುತ್ತದ ಅಣಬೆ: 3 ಕೋಟಿ ವರ್ಷದ ಬೇಸಾಯ

ಹೂಟಗಳ್ಳಿ ಅಂದ್ರೆ ಈಗ ಎಲ್ರಿಗೂ ನೆನಪಾಗೋದು ಫ್ಯಾಕ್ಟರಿ, ಲೇಔಟು. ನಮ್ಮಜ್ಜಿಗೆ ಮಾತ್ರ ಅಣಬೆ! ಗುಡುಗು-ಮಳೆ ಬಂದ ಮಾರನೇ ಬೆಳಿಗ್ಗೆ ಹುತ್ತದ ಹತ್ರ ಹೋಗಿ ಮಡಿಲು ತುಂಬಾ ಕಿತ್ಕೊಂಡು ಬರ್ತಿದ್ರಂತೆ. ಮಸಾಲೆ ಅರೆದು ಸಾರು, ಜೊತೆಗೆ ಮುದ್ದೆ.

ಇದನ್ನ ಬೆಳೆಯೋ ರೈತರು ಯಾರು ಗೊತ್ತಾ? ಗೆದ್ದಲು. ಒಣ ಎಲೆ, ಕಟ್ಟಿಗೆ ತಿಂದು, ತಮ್ಮ ಹಿಕ್ಕೆಯಿಂದಲೇ ಹುತ್ತದೊಳಗೆ ತೋಟ ಕಟ್ಟಿ ಶಿಲೀಂಧ್ರ ಬೆಳೆಸ್ತವೆ. ಅದು ಗಟ್ಟಿ ನಾರನ್ನ ಕರಗಿಸಿ ಕೊಡುತ್ತೆ, ಗೆದ್ದಲಿಗೆ ಅದೇ ಊಟ. ಮಳೆ ಬಿದ್ರೆ ಮಣ್ಣು ಸೀಳಿ ಕೊಡೆ ಬಿಚ್ಚುತ್ತೆ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ. ನಮ್ಮದಕ್ಕೆ ಸುಮಾರು 12 ಸಾವಿರ. ಫ್ರಾನ್ಸಿನ ರೋಜೆ ಎಯ್ಮ್ 1942ರಲ್ಲಿ ಇದಕ್ಕೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ರು.

ಅಂಗಡೀಲಿ ಸಿಗೋ ಚಿಪ್ಪಣಬೆ ಕಥೆ ಬೇರೆ. ಮೊದಲ ಮಹಾಯುದ್ಧದಲ್ಲಿ ಊಟಕ್ಕೆ ಪರದಾಡಿದ ಜರ್ಮನಿಯಲ್ಲಿ ಅದನ್ನ ಮರದ ಕೊರಡಿನ ಮೇಲೆ ಬೆಳೆಯೋದು ಕಲಿತರು. ಈಗ ಭತ್ತದ ಹುಲ್ಲೇ ಸಾಕು. ಕೊಲೆಸ್ಟರಾಲ್ ಇಳಿಸೋ ಲೊವಾಸ್ಟಾಟಿನ್ ಅದರಲ್ಲೂ ಸಿಕ್ಕಿದೆ. (ಹಾಗಂತ ಮನೇಲಿ ಯಾರ ಮಾತ್ರೇನೂ ನಿಲ್ಲಿಸಬೇಡಿ!) ಹುತ್ತದ ಅಣಬೆ ಹಾಗೆ ಹುಲ್ಲಲ್ಲಿ ಬರಲ್ಲ, ಅದಕ್ಕೆ ಗೆದ್ದಲೇ ಬೇಕು.

ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೀತೀವಿ. ಸೈಟಿಗೆ ಜೆಸಿಬಿ ಬಂದ್ರೆ ಅದೇ ಹುತ್ತ ನೆಲಸಮ. ಜೊತೆಗೆ ತಿನ್ನೋದು ಯಾವುದು, ವಿಷ ಯಾವುದು ಅನ್ನೋ ಅಜ್ಜಿಯ ಗುರುತೂ ಹೋಗುತ್ತೆ. ನಂಗೆ ಅದು ಬರಲ್ಲ, ಅದಕ್ಕೇ ಬಯಲಲ್ಲಿ ಕಂಡ ಅಣಬೆ ಕೀಳಲ್ಲ. ನಿಮ್ಮನೇಲಿ ಬಲ್ಲವರಿದ್ರೆ ಈ ಮಳೆಗಾಲದಲ್ಲೇ ಕೇಳಿ ಬರ್ಕೊಳ್ಳಿ.

#ನಮ್ಮೂರಚರಿತ್ರೆ #ಹೂಟಗಳ್ಳಿ #ಅಣಬೆ